ವಚನಗಾಯನದಲ್ಲಿ ವಿಳಂಬ ಲಯ

ಮಠದ ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಬಾಲಕರು ಒಕ್ಕೊರಲಿನಿಂದ ಹೇಳುವ ವಚನವನ್ನೇ ಅದೇ ದಿನ ರಾತ್ರಿ ಸಂಗೀತಸಭೆಯಲ್ಲಿ ವಿದ್ವಾಂಸರೊಬ್ಬರ ಕಂಠದಿಂದ ಕೇಳುವ ಪ್ರಸಂಗ ಉತ್ತರ ಕರ್ನಾಟಕದ ಜಾತ್ರೆ ಪುರಾಣಗಳ ಸಂದರ್ಭದಲ್ಲಿ ಅಪೂರ್ವವೇನೂ ಅಲ್ಲ. ಶಬ್ದಗಳು ಅವೇ, ಅಂಕಿತ ಅದೇ. ಕೆಲವೊಮ್ಮೆ ಸ್ವರಗಳ ಚಲನೆಯೂ ಬಹುಮಟ್ಟಿಗೆ ಅದೇ. ಆದರೂ ಬೆಳಗಿನಲ್ಲಿ ಉತ್ಸಾಹವಾಗಿ ಕೇಳಿಸಿದುದು ರಾತ್ರಿಯಲ್ಲಿ ವಿರಹವಾಗಿ ಕೇಳಿಸುತ್ತದೆ. ಬದಲಾದುದು ಮುಖ್ಯವಾಗಿ ಒಂದೇ, ಅದು ನಡಿಗೆ. ಬಾಲಕರು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದುದನ್ನು ಗಾಯಕರು ಹತ್ತು ನಿಮಿಷಗಳವರೆಗೆ ಹಿಡಿದು ನಿಲ್ಲಿಸುತ್ತಾರೆ. ಈ ನಿಲ್ಲಿಸುವಿಕೆಯಿಂದ ವಚನಕ್ಕೆ ಒದಗುವ ಭಾವಾಂತರವೇನು, ಅದು ವಚನದ ಒಡಲಿನಲ್ಲಿಯೇ ಇದ್ದುದೋ ಅಥವಾ ಗಾಯಕರು ಹೊರಗಿನಿಂದ ತಂದು ಹೊದಿಸಿದುದೋ ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯವಾಗಿದೆ.

ಲಯವನ್ನು ದ್ರುತ, ಮಧ್ಯ, ವಿಳಂಬಿತ ಎಂದು ಮೂರಾಗಿ ವಿಂಗಡಿಸುವ ಪದ್ಧತಿ ಭಾರತೀಯ ಶಾಸ್ತ್ರಗಳಲ್ಲಿ ಬಹು ಪ್ರಾಚೀನವಾದುದು. ಭರತನ ನಾಟ್ಯಶಾಸ್ತ್ರವು ಲಯವನ್ನು ಗಾನಕ್ಕೆ ಮಾತ್ರ ಸೀಮಿತಗೊಳಿಸದೆ, ನಟನು ಮಾತಾಡುವ ಬಗೆಗೂ ಅನ್ವಯಿಸಿದೆ. ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಳಂಬಿತ ಎಂಬ ಆರು ಪಾಠ್ಯಾಲಂಕಾರಗಳಲ್ಲಿ ಕೊನೆಯ ಎರಡು ಮಾತಿನ ವೇಗಕ್ಕೆ ಸಂಬಂಧಿಸಿದವು. ಒಂದೇ ವಾಕ್ಯವನ್ನು ಬೇರೆ ಬೇರೆ ವೇಗದಲ್ಲಿ ನುಡಿದರೆ ಬೇರೆ ಬೇರೆ ರಸ ಹೊಮ್ಮುವುದೆಂಬ ತಿಳಿವಳಿಕೆ ಅದರ ಹಿಂದೆ ಇದೆ. ವಚನವು ಮಾತೂ ಹೌದು, ಹಾಡೂ ಹೌದು ಎಂಬುದನ್ನು ನೆನೆದರೆ ಭರತನ ಈ ವಿಂಗಡಣೆ ವಚನಗಾಯನಕ್ಕೆ ಎಷ್ಟು ಹತ್ತಿರವಾದುದೆಂಬುದು ವಿದಿತವಾಗುತ್ತದೆ.

ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ರಚಿಸಿದ ಮಾನಸೋಲ್ಲಾಸವು ಗಮನಾರ್ಹವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಶರಣರು ನೆರೆದ ಕಲ್ಯಾಣದಲ್ಲಿಯೇ, ಅವರಿಗಿಂತ ಒಂದು ತಲೆಮಾರಿನಷ್ಟು ಮುಂಚೆ ಹುಟ್ಟಿದ ಗ್ರಂಥವಿದು. ಯಾವ ಹಾಡು ಯಾವ ಸಂದರ್ಭಕ್ಕೆ ಸಲ್ಲುವುದೆಂಬುದನ್ನು ಹೇಳುತ್ತ ಸೋಮೇಶ್ವರನು ಧಾನ್ಯವನ್ನು ಕುಟ್ಟುವಲ್ಲಿ ತ್ರಿಪದಿಯನ್ನೂ, ಕಥೆ ಹೇಳುವಲ್ಲಿ ಷಟ್ಪದಿಯನ್ನೂ, ಮದುವೆಯಲ್ಲಿ ಧವಳವನ್ನೂ, ಯೋಗಿಗಳ ಬಾಯಲ್ಲಿ ಚರ್ಯೆಯನ್ನೂ ಹೆಸರಿಸುತ್ತಾನೆ. ಒನಕೆಯ ಏಟಿಗೆ ಹಾಡಿದ ಅದೇ ತ್ರಿಪದಿ ಬೀಸುವ ಕಲ್ಲಿನ ಮುಂದೆ ಕಲ್ಲು ತಿರುಗಿದಂತೆ ತಿರುಗುತ್ತದೆ. ತೊಟ್ಟಿಲ ಮುಂದೆ ಕೂಸಿನ ಕಣ್ಣು ಮುಚ್ಚುವ ಹದಕ್ಕೆ ನಿಧಾನವಾಗುತ್ತದೆ. ಛಂದಸ್ಸು ಒಂದೇ, ಲಯ ಮೂರು. ಒನಕೆಯ ಹಾಡು ನಗೆಚಾಟಿಕೆಗೆ ಒಲಿದರೆ, ಬೆಳಗಿನ ಜಾವದ ಬೀಸುವ ಹಾಡು ತವರಿನ ನೆನಪಿಗೆ ಒಲಿಯುತ್ತದೆ. ಬೀಸುವ ಹೆಣ್ಣುಮಗಳಿಗೆ ಲಯಶಾಸ್ತ್ರ ತಿಳಿಯದು. ಕಲ್ಲಿನ ಭಾರ, ತೋಳಿನ ದಣಿವು, ಒಂದು ಸುತ್ತಿಗೆ ಒಂದು ಉಸಿರು, ಇವೇ ಆಕೆಯ ತಾಳ. ಅಕ್ಕಮಹಾದೇವಿಯ ಯೋಗಾಂಗ ತ್ರಿವಿಧಿಯೂ ಸರ್ವಜ್ಞನ ಪದ್ಯಗಳೂ ಇದೇ ಛಂದಸ್ಸಿನಲ್ಲಿರುವುದು ಇಲ್ಲಿ ಸ್ಮರಣೀಯ. ಸರ್ವಜ್ಞನ ತ್ರಿಪದಿಯನ್ನು ಜೋಗುಳದ ನಡಿಗೆಯಲ್ಲಿ ಹಾಡಿ ನೋಡಿದರೆ ಅದರ ಚುರುಕೆಲ್ಲ ಇಳಿದುಹೋಗುವುದನ್ನು ಯಾರೂ ಪರೀಕ್ಷಿಸಿಕೊಳ್ಳಬಹುದು.

ಶರಣ ಪರಂಪರೆಯ ಕವಿಗಳಿಗೆ ಈ ವಿವೇಕ ಪೂರ್ಣವಾಗಿ ಇತ್ತು. ಹರಿಹರನ ರಗಳೆಗಳಲ್ಲಿ ಮೂರು ಮಾತ್ರೆಯ ಉತ್ಸಾಹ, ನಾಲ್ಕು ಮಾತ್ರೆಯ ಮಂದಾನಿಲ, ಐದು ಮಾತ್ರೆಯ ಲಲಿತ ಎಂಬ ಭೇದಗಳ ಹೆಸರುಗಳೇ ಅವುಗಳ ನಡಿಗೆಯನ್ನೂ ಭಾವವನ್ನೂ ಸೂಚಿಸುತ್ತವೆ. ರಾಘವಾಂಕನಿಂದ ಪ್ರಸಿದ್ಧಿಗೆ ಬಂದ ಷಟ್ಪದಿಗಳ ವಿಷಯದಲ್ಲಿಯೂ ಇದೇ ಮಾತು.

ವಚನದ ಸಂಗತಿ ಹೀಗಲ್ಲ. ಅದಕ್ಕೆ ಮಾತ್ರೆಗಳ ಕಟ್ಟಿಲ್ಲ, ಗಣಗಳ ಕಟ್ಟಿಲ್ಲ, ತಾಳದ ಸೂಚನೆಯಿಲ್ಲ. ತಾಳದ ಲೆಕ್ಕವಾಗಲಿ ಗಣಗಳ ನಿಯಮವಾಗಲಿ ತಮಗೆ ಗೊತ್ತಿಲ್ಲವೆಂದೂ, ಶಿವನ ಮೇಲಿನ ಪ್ರೀತಿ ನಡೆಸಿದಂತೆ ಹಾಡುವುದಷ್ಟೇ ತಮ್ಮ ರೀತಿಯೆಂದೂ ಬಸವಣ್ಣನವರು ಒಂದೆಡೆ ಬಿನ್ನವಿಸಿಕೊಂಡಿದ್ದಾರೆ. ಇನ್ನೊಂದೆಡೆ ತಮ್ಮ ಶರೀರದ ಅಂಗಾಂಗಗಳನ್ನೇ ವೀಣೆಯ ಭಾಗಗಳನ್ನಾಗಿ ಮಾಡಿ ನುಡಿಸಿಕೊಳ್ಳುವಂತೆ ದೇವನಲ್ಲಿ ಮೊರೆಯಿಡುತ್ತಾರೆ. ಈ ಎರಡು ಮಾತುಗಳನ್ನು ಕೂಡಿಸಿ ಓದಿದರೆ, ಶರಣರು ಗಾನವನ್ನು ನಿರಾಕರಿಸಲಿಲ್ಲ, ಆದರೆ ಗಾನದ ವೇಗವನ್ನು ನಿರ್ಧರಿಸುವ ಅಧಿಕಾರವನ್ನು ತಾಳಕ್ಕೆ ಕೊಡದೆ ಒಲವಿಗೆ ಕೊಟ್ಟರು ಎಂಬುದು ಸ್ಪಷ್ಟವಾಗುತ್ತದೆ. ವಚನವನ್ನು ಯಾವ ಲಯದಲ್ಲಿ ಹಾಡಬೇಕೆಂಬ ಪ್ರಶ್ನೆಗೆ ವಚನದೊಳಗೇ ಸಿದ್ಧ ಉತ್ತರವಿಲ್ಲದಿರುವುದರ ಕಾರಣ ಇದೇ ಆಗಿದೆ. ರಾಗತಾಳಗಳಿಗೆ ಅಳವಡಿಸಿ, ಪಲ್ಲವಿ ನುಡಿಗಳಾಗಿ ಕಟ್ಟಿದ ಸ್ವರವಚನಗಳ ಪ್ರಕಾರ ಬೇರೆಯಾಗಿ ಬೆಳೆಯಿತು. ಮುಂದೆ ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿ, ಮುಪ್ಪಿನ ಷಡಕ್ಷರಿಗಳ ಸುಬೋಧಸಾರ, ಸರ್ಪಭೂಷಣ ಶಿವಯೋಗಿಗಳ ಕೈವಲ್ಯ ಕಲ್ಪವಲ್ಲರಿ ಮೊದಲಾದ ಕೃತಿಗಳಲ್ಲಿ ತತ್ತ್ವಪದಗಳು ರಾಗಗಳ ಹೆಸರನ್ನು ಹೊತ್ತುಕೊಂಡೇ ಬಂದವು.

ಈ ಕೈವಲ್ಯ ಪದಗಳು ಮಠಮಾನ್ಯಗಳಲ್ಲಿಯೂ ಹಳ್ಳಿಯ ಗುಡಿಗಳಲ್ಲಿಯೂ ಉಳಿದುಬಂದುದು ಭಜನೆಯ ಮೂಲಕ. ಶ್ರಾವಣಮಾಸದ ರಾತ್ರಿಗಳಲ್ಲಿ, ಅಮಾವಾಸ್ಯೆಯ ದಿನಗಳಲ್ಲಿ ಏಕತಾರಿ, ದಿಮ್ಮಡಿ, ತಾಳಗಳೊಡನೆ ನಡೆಯುವ ಭಜನೆಯ ಲಯಕ್ಕೆ ತನ್ನದೇ ಆದ ಒಂದು ಕ್ರಮವಿದೆ. ಮೊದಲ ನುಡಿ ನಿಧಾನ. ಮೇಳದವರು ಎತ್ತಿಕೊಂಡಂತೆ ವೇಗ ಏರುತ್ತದೆ. ಕೊನೆಯ ನುಡಿಯ ಹೊತ್ತಿಗೆ ತಾಳಗಳ ಸಪ್ಪಳದಲ್ಲಿ ಶಬ್ದಗಳು ಒಂದರೊಳಗೊಂದು ಕೂಡಿಹೋಗಿರುತ್ತವೆ. ಆಗ ಅರ್ಥವು ಕಿವಿಗೆ ಬೀಳದಿದ್ದರೂ ಕೊರತೆಯೆನಿಸುವುದಿಲ್ಲ. ಹಾಡುವವರಿಗೂ ಕೇಳುವವರಿಗೂ ಅದು ಮೊದಲೇ ಕಂಠಸ್ಥವಾಗಿರುತ್ತದೆ. ಒಬ್ಬೊಬ್ಬರಾಗಿ ಬಂದು ಕುಳಿತವರು ಒಂದು ಮೇಳವಾಗುವುದು ಆ ವೇಗದಲ್ಲಿ. ವೇಗ ಏರುವುದು ಮನುಷ್ಯರನ್ನು ಒಂದುಗೂಡಿಸುವ ಉಪಾಯ. ಕೈಚಪ್ಪಾಳೆಗೆ ಸಿಕ್ಕುವ ಲಯ ಅದು. ಅತಿವಿಳಂಬ ಲಯಕ್ಕೆ ಯಾರೂ ಚಪ್ಪಾಳೆ ಹಾಕಲಾರರು. ಒಂದು ಮಾತ್ರೆಗೂ ಮತ್ತೊಂದು ಮಾತ್ರೆಗೂ ನಡುವಿನ ಅಂತರ ಒಂದು ಮಿತಿಯನ್ನು ಮೀರಿದೊಡನೆ ಮೇಳ ಚದರಿ, ಕೇಳುವವನು ತನ್ನಷ್ಟಕ್ಕೆ ತಾನು ಒಬ್ಬನೇ ಆಗಿಬಿಡುತ್ತಾನೆ.

ವಚನವು ಮೇಳದಿಂದ ಹೊರಬಂದು ಏಕಾಂತದ ಹಾಡಾದ ಚರಿತ್ರೆ ಇಪ್ಪತ್ತನೆಯ ಶತಮಾನದ್ದು. ಅದರ ಬೇರುಗಳು ಎರಡು. ಒಂದು, ವಚನಗಳು ಮುದ್ರಣಗೊಂಡು ಸರ್ವರ ಕೈಗೆ ಸಿಕ್ಕಿದುದು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಪ್ರಕಟವಾಯಿತು. 1926ರಲ್ಲಿ ಅವರ ಶಿವಾನುಭವ ಪತ್ರಿಕೆ ಆರಂಭವಾಯಿತು. ಇನ್ನೊಂದು, ಹಾನಗಲ್ಲ ಕುಮಾರಸ್ವಾಮಿಗಳ (1867–1930) ದೂರದೃಷ್ಟಿ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಪೂಜ್ಯರು ಕಣ್ಣಿಲ್ಲದ ಬಾಲಕನೊಬ್ಬನ ಕಂಠಶ್ರೀಯನ್ನು ಗುರುತಿಸಿ ಸಂಗೀತಶಿಕ್ಷಣಕ್ಕೆ ಅನುವು ಮಾಡಿಕೊಟ್ಟುದರ ಫಲವಾಗಿ ನಾಡಿಗೆ ಪಂಚಾಕ್ಷರಿ ಗವಾಯಿಗಳು (1892–1944) ದೊರೆತರು. ಕರ್ನಾಟಕ ಹಾಗೂ ಹಿಂದುಸ್ತಾನಿ ಪದ್ಧತಿಗಳೆರಡರಲ್ಲಿಯೂ ಪಾರಂಗತರಾದ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಶಿಷ್ಯಸಂಪತ್ತನ್ನು ಬೆಳೆಸಿದರು. ಪುಟ್ಟರಾಜ ಗವಾಯಿಗಳು (1914–2010) ಆ ಪರಂಪರೆಯನ್ನು ಬಹುಕಾಲ ಮುನ್ನಡೆಸಿದರು. ಬಸವರಾಜ ರಾಜಗುರು ಅವರೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ. ಹೀಗೆ ಖ್ಯಾಲ್ ಗಾಯನದ ವಿಸ್ತಾರವನ್ನು ಬಲ್ಲ ಕಂಠಗಳಿಗೆ ವಚನಗಳು ದೊರೆತುದು ಆಕಸ್ಮಿಕವಲ್ಲ. ಮಠವೇ ಎರಡನ್ನೂ ಒಂದೇ ಆವರಣದಲ್ಲಿ ಇರಿಸಿತ್ತು.

ಅದೇ ಕಾಲದಲ್ಲಿ ಹಿಂದುಸ್ತಾನಿ ಸಂಗೀತದಲ್ಲಿಯೂ ಲಯದ ದೊಡ್ಡದೊಂದು ಬದಲಾವಣೆ ನಡೆಯುತ್ತಿತ್ತು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು (1872–1937) ಮಿರಜದಲ್ಲಿ ನೆಲೆಸಿ, ಕುಂದಗೋಳದ ಸವಾಯಿ ಗಂಧರ್ವರಿಗೆ (1886–1952) ವಿದ್ಯೆಯನ್ನು ಧಾರೆಯೆರೆದರು. ಸ್ವರದ ಮೇಲೆ ನಿಲ್ಲುವ, ಒಂದೊಂದೇ ಮೆಟ್ಟಿಲನ್ನು ಏರುವ ಅವರ ರೀತಿ ಧಾರವಾಡ ಸೀಮೆಯ ಕಿವಿಗೆ ಒಗ್ಗಿತು. ಅದೇ ಘರಾಣೆಯ ಅಬ್ದುಲ್ ವಹೀದ್ ಖಾನರು ವಿಳಂಬವನ್ನು ಅತಿವಿಳಂಬಕ್ಕೆ ಒಯ್ದರು. ಹನ್ನೆರಡು ಮಾತ್ರೆಯ ಏಕತಾಳದ ಪ್ರತಿಯೊಂದು ಮಾತ್ರೆಯನ್ನು ನಾಲ್ಕಾಗಿ ಬಿಡಿಸಿ, ನಲವತ್ತೆಂಟು ಗತಿಗಳಲ್ಲಿ ಒಂದು ಆವರ್ತನವನ್ನು ಮುಗಿಸುವಾಗ ಸುಮಾರು ಒಂದು ನಿಮಿಷವೇ ಸಂದುಹೋಗಬಹುದು. ಇಷ್ಟು ಅವಕಾಶದಲ್ಲಿ ಬಂದಿಶಿನ ಶಬ್ದಗಳು ಹಿಂದೆ ಸರಿದು ಸ್ವರಗಳೇ ಮಾತಾಡತೊಡಗುತ್ತವೆ. ವೇಗವು ರಾಗದ ಸ್ವಭಾವವನ್ನೇ ಬದಲಿಸಬಲ್ಲುದೆಂಬುದಕ್ಕೆ ಆ ಪದ್ಧತಿಯಲ್ಲಿ ಉದಾಹರಣೆಗಳಿಗೆ ಕೊರತೆಯಿಲ್ಲ. ದರಬಾರಿ ಕಾನಡಾ ಮತ್ತು ಅಡಾಣಾ ಬಹುಮಟ್ಟಿಗೆ ಒಂದೇ ಸ್ವರಗಳನ್ನು ಬಳಸುತ್ತವೆ. ಮೊದಲನೆಯದು ಮಂದ್ರದಲ್ಲಿ ಆಂದೋಲಿಸುತ್ತ ನಿಧಾನವಾಗಿ ನಡೆದು ಗಾಂಭೀರ್ಯವನ್ನು ತಾಳಿದರೆ, ಎರಡನೆಯದು ತಾರಸಪ್ತಕದತ್ತ ಚುರುಕಾಗಿ ನೆಗೆದು ವೀರವನ್ನು ಸೂಚಿಸುತ್ತದೆ. ಪೂರಿಯಾ ಮತ್ತು ಸೋಹನಿಗಳ ಸಂಬಂಧವೂ ಇಂಥದೇ. ಸ್ಥಾಯಿಯ ಭೇದವೂ ಇಲ್ಲಿ ಕೆಲಸಮಾಡುತ್ತದೆಂಬುದು ನಿಜ. ಆದರೆ ದರಬಾರಿಯನ್ನು ಅವಸರದಿಂದ ಹಾಡಿದರೆ ಅದು ದರಬಾರಿಯಾಗಿ ಉಳಿಯುವುದಿಲ್ಲವೆಂಬುದನ್ನು ಸಂಗೀತಗಾರರೆಲ್ಲ ಬಲ್ಲರು.

ಠುಮ್ರಿಯ ಇತಿಹಾಸವಂತೂ ಪ್ರಸ್ತುತ ವಿಷಯಕ್ಕೆ ಇನ್ನೂ ಸಮೀಪದ್ದು. ಹತ್ತೊಂಬತ್ತನೆಯ ಶತಮಾನದ ಲಖನೌದಲ್ಲಿ ಕಥಕ್ ನೃತ್ಯದ ಜೊತೆಗೆ ಬೆಳೆದ ಬಂದಿಶ್ ಠುಮ್ರಿ ಚುರುಕಾದ ತೀನತಾಳದ ಲವಲವಿಕೆಯ ಹಾಡಾಗಿತ್ತು. 1856ರಲ್ಲಿ ವಾಜಿದ್ ಅಲಿ ಷಾಹನು ಪದಚ್ಯುತನಾದ ಮೇಲೆ ಲಖನೌದ ವೈಭವ ಕುಂದಿತು. ಬನಾರಸದಲ್ಲಿ ಬೋಲ್‌ಬನಾವ್ ಎಂಬ ವಿಳಂಬದ ಠುಮ್ರಿ ತಲೆಯೆತ್ತಿತು. ದೀಪಚಂದಿಯಂತಹ ನಿಧಾನದ ತಾಳದಲ್ಲಿ ಒಂದೇ ಶಬ್ದವನ್ನು ಹತ್ತು ಬಗೆಯಾಗಿ ಹೇಳಿ, ಹತ್ತು ಅರ್ಥಗಳನ್ನು ಹೊರಡಿಸುವುದೇ ಅದರ ಜೀವಾಳ. ತುಂಟತನದ ದೂರು ಅಳಲಾಗಿ ಮಾರ್ಪಟ್ಟಿತು. ಕೊನೆಯಲ್ಲಿ ತಬಲಾದವನು ಲಗ್ಗಿಯನ್ನು ಬಾರಿಸುವಾಗ ಮಾತ್ರ ಹಳೆಯ ವೇಗ ಒಂದು ಕ್ಷಣ ಮರಳಿ ಬಂದು ಹೋಗುತ್ತದೆ. ಉತ್ತರ ಕರ್ನಾಟಕದ ಸಭೆಗಳಲ್ಲಿ ಕಛೇರಿಯ ಕೊನೆಯಲ್ಲಿ ಠುಮ್ರಿ ಅಥವಾ ಭಜನ್ ಹಾಡುವ ಸ್ಥಳದಲ್ಲಿಯೇ ವಚನವು ಬಂದು ಕುಳಿತುದನ್ನು ನೆನೆದರೆ, ಶಬ್ದವನ್ನು ಹೊರಳಿಸಿ ಹೊರಳಿಸಿ ನೋಡುವ ಆ ವಿದ್ಯೆ ವಚನಕ್ಕೂ ಹೇಗೆ ದೊರೆಯಿತೆಂಬುದು ಊಹಿಸಲು ಕಷ್ಟವಲ್ಲ.

ವಿಳಂಬಕ್ಕೆ ಎಡೆಮಾಡಿಕೊಟ್ಟ ಲೌಕಿಕ ಕಾರಣಗಳೂ ಇವೆ. ಗ್ರಾಮಫೋನಿನ ಆರಂಭದ ದಿನಗಳಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ಮುದ್ರಿಕೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡಷ್ಟೇ ಹಿಡಿಸುತ್ತಿತ್ತು. ಖ್ಯಾಲ್ ಗಾಯಕರೂ ತಮ್ಮ ವಿಸ್ತಾರವನ್ನೆಲ್ಲ ಮೂರು ನಿಮಿಷಕ್ಕೆ ಮಡಿಸಿಡಬೇಕಾಗಿತ್ತು. ಕಂಪನಿ ನಾಟಕಗಳ ರಂಗಗೀತೆಗಳ ಲಯವಂತೂ ಪ್ರೇಕ್ಷಕರ ಚಪ್ಪಾಳೆಗೆ ಕಟ್ಟುಬಿದ್ದುದು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದಾಗ ವಚನಕ್ಕೆ ರಂಗಸ್ಥಳದ ಗದ್ದಲವೂ ಇಲ್ಲದ, ಮೂರು ನಿಮಿಷದ ಕಟ್ಟೂ ಇಲ್ಲದ ಒಂದು ಆಸನ ದೊರೆಯಿತು. ಎದುರಿಗೆ ಕೇಳುಗರಿಲ್ಲ, ಧ್ವನಿಗ್ರಾಹಕದ ಮುಂದೆ ಗಾಯಕ ಒಬ್ಬನೇ. ಅತ್ತ ಮನೆಯಲ್ಲಿ ಕೇಳುವವರೂ ಹೆಚ್ಚಾಗಿ ಒಬ್ಬೊಬ್ಬರೇ. ತರುವಾಯ ದೀರ್ಘಾವಧಿಯ ಮುದ್ರಿಕೆಗಳೂ ಧ್ವನಿಸುರುಳಿಗಳೂ ಬಂದು ಈ ಅವಕಾಶವನ್ನು ಮತ್ತಷ್ಟು ಹಿಗ್ಗಿಸಿದವು.

ಪ್ರಾಸಂಗಿಕವಾಗಿ ಒಂದು ಮಾತು. ಕೀಲು ಇಳಿದ ಗ್ರಾಮಫೋನಿನಲ್ಲಿ ಮುದ್ರಿಕೆ ನಿಧಾನವಾಗಿ ತಿರುಗಿದಾಗಲೂ ಹಾಡು ವಿಳಂಬವಾಗುತ್ತದೆ. ಆದರೆ ಶ್ರುತಿಯೂ ಕುಸಿದು, ಕಂಠವು ಗುಹೆಯೊಳಗಿನಿಂದ ಬಂದಂತೆ ಕೇಳಿಸುತ್ತದೆ. ಇಂದಿನ ಗಣಕಯಂತ್ರಗಳು ಶ್ರುತಿಯನ್ನು ಇಳಿಸದೆಯೇ ವೇಗವನ್ನು ಇಳಿಸಬಲ್ಲವು. ಆದರೂ ಅದು ಗಾಯಕನ ವಿಳಂಬವಾಗುವುದಿಲ್ಲ. ಯಂತ್ರವು ಎಲ್ಲವನ್ನೂ ಸಮನಾಗಿ ಹಿಗ್ಗಿಸುತ್ತದೆ, ಉಸಿರೆಳೆದುಕೊಂಡ ಸದ್ದನ್ನು ಕೂಡ. ಗಾಯಕನಾದರೋ ಯಾವುದನ್ನು ಹಿಗ್ಗಿಸಬೇಕು, ಯಾವುದನ್ನು ತಟ್ಟನೆ ನುಡಿದು ಬಿಡಬೇಕು ಎಂಬುದನ್ನು ಆಯುತ್ತಾನೆ. ವಿಳಂಬವೆಂದರೆ ಈ ಆಯ್ಕೆಯೇ.

ಆ ಆಯ್ಕೆಯ ಸ್ವರೂಪವನ್ನು ತಿಳಿಯಲು ಮಲ್ಲಿಕಾರ್ಜುನ ಮನ್ಸೂರರ ವಚನಗಾಯನಕ್ಕಿಂತ ಉತ್ತಮವಾದ ಉದಾಹರಣೆ ದೊರೆಯುವುದು ದುರ್ಲಭ. ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿದ್ದು, ಅನಂತರ ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನೂ, ಮಂಜೀಖಾನ್ ಮತ್ತು ಬುರ್ಜಿಖಾನರಲ್ಲಿ ಜೈಪುರ ಅತ್ರೌಲಿ ಪದ್ಧತಿಯನ್ನೂ ಕಲಿತ ಮನ್ಸೂರರು 1992ರಲ್ಲಿ ಲಿಂಗೈಕ್ಯರಾಗುವವರೆಗೂ ವಚನವನ್ನು ತಮ್ಮ ಸಾಧನೆಯ ಅಂಗವೆಂದೇ ಭಾವಿಸಿದ್ದರು. ಇಲ್ಲೊಂದು ಸೂಕ್ಷ್ಮವನ್ನು ಮರೆಯಬಾರದು. ಜೈಪುರ ಘರಾಣೆ ಅತಿವಿಳಂಬವನ್ನು ಒಪ್ಪಿದ ಘರಾಣೆಯಲ್ಲ. ಅದರ ಲಯ ಮಧ್ಯವಿಳಂಬ. ಆದುದರಿಂದ ಮನ್ಸೂರರ ವಚನಗಳ ನಿಧಾನವು ಗಡಿಯಾರದ ನಿಧಾನಕ್ಕಿಂತ ಹೆಚ್ಚಾಗಿ ಅರ್ಥದ ನಿಧಾನ. ತಾಳ ನಡೆಯುತ್ತಲೇ ಇರುತ್ತದೆ. ಮಾತು ಮಾತ್ರ ತಡೆಯುತ್ತದೆ.

ಅವರಿಂದ ಮನೆಮಾತಾದ ಅಕ್ಕಮಹಾದೇವಿಯ ಕನಸಿನ ವಚನವನ್ನೇ ನೋಡಬಹುದು. ಒಬ್ಬಳು ತನ್ನ ಅಕ್ಕನನ್ನು ಕರೆದು ತಾನು ಕಂಡ ಕನಸನ್ನು ಹೇಳುತ್ತಾಳೆ. ಅಕ್ಕಿ, ಅಡಕೆ, ತೆಂಗು ಮೊದಲಾದ ಮಂಗಲದ್ರವ್ಯಗಳು ಕನಸಿನಲ್ಲಿ ಕಂಡವು. ಕಿರುಜಡೆಯ ಒಬ್ಬ ತರುಣ ಜಂಗಮನು ಭಿಕ್ಷೆಗೆ ಬಂದನು. ಆತ ನಿಲ್ಲದೆ ಹೋದಾಗ ಬೆನ್ನಟ್ಟಿ ಕೈಹಿಡಿದಳು. ದೇವನನ್ನು ಕಂಡು ಕಣ್ದೆರೆದಳು. ಇಷ್ಟೇ ಅದರ ಕಥೆ. ಸಾಮಾನ್ಯವಾದ ಓದಿನ ವೇಗದಲ್ಲಿ ಇದು ಒಂದು ಸಂತೋಷದ ಸುದ್ದಿ. ಗೆಳತಿಗೆ ಹೇಳುವ ಆತುರ ಅದರಲ್ಲಿದೆ, ಹರೆಯದ ಲಜ್ಜೆಯಿದೆ, ಮದುವೆಯ ಮನೆಯ ಸಡಗರವಿದೆ. ಶಾಲೆಯ ಬಾಲಕಿಯರು ಹಾಡಿದಾಗ ಈ ಸಡಗರವೇ ಮುಂದಾಗಿ ಕೇಳಿಸುವುದೂ ಯುಕ್ತವೇ ಆಗಿದೆ.

ನಿಧಾನಗೊಳಿಸಿದಾಗ ಆಗುವುದೇನು? ಮೊದಲ ಸಂಬೋಧನೆಯಲ್ಲಿಯೇ ಗಾಯಕರು ನಿಲ್ಲುತ್ತಾರೆ. ಆ ಕರೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಬೇರೆ ಸ್ವರದಲ್ಲಿ ಮುಗಿಯುತ್ತದೆ. ಕರೆದವಳಿಗೆ ಉತ್ತರ ಬರುತ್ತಿಲ್ಲವೆಂಬುದು ಕೇಳುಗನಿಗೆ ಆಗ ಹೊಳೆಯುತ್ತದೆ. ಕನಸನ್ನು ಹೇಳುವ ಮೊದಲೇ ಹೇಳುವವಳ ಒಂಟಿತನ ಎದುರಿಗೆ ಬಂದು ನಿಲ್ಲುತ್ತದೆ. ಬಳಿಕ ಮಂಗಲದ್ರವ್ಯಗಳ ಹೆಸರುಗಳು. ವೇಗದಲ್ಲಿ ಅವು ಒಂದು ಪಟ್ಟಿ. ವಿಳಂಬದಲ್ಲಿ ಒಂದೊಂದೂ ಕತ್ತಲಿನಿಂದ ಒಂದೊಂದಾಗಿ ಮೂಡಿಬರುವ ವಸ್ತುವಾಗುತ್ತದೆ. ಕನಸಿನಲ್ಲಿ ವಸ್ತುಗಳು ಕಾಣುವುದೂ ಹಾಗೆಯೇ ಅಲ್ಲವೆ? ಜಂಗಮನು ಓಡುವ ಭಾಗದಲ್ಲಿ ಸ್ವಾರಸ್ಯವಾದ ಒಂದು ವಿರೋಧ ಏರ್ಪಡುತ್ತದೆ. ಮಾತು ಓಟವನ್ನು ಹೇಳುತ್ತಿದೆ, ಹಾಡು ನಿಂತೇ ಇದೆ. ಬೆನ್ನಟ್ಟಿದರೂ ಕಾಲು ಏಳದಿರುವ ಕನಸಿನ ಸಂಕಟ ಇದರಿಂದ ತಾನಾಗಿ ಪ್ರಾಪ್ತವಾಗುತ್ತದೆ. ಕೊನೆಗೆ ಕಣ್ದೆರೆಯುವ ಮಾತು. ಶೀಘ್ರವಾಗಿ ಹಾಡಿದಾಗ ಅದು ಸಾಕ್ಷಾತ್ಕಾರ. ದೇವನನ್ನು ಕಂಡುದೇ ಎಚ್ಚರ. ನಿಧಾನವಾಗಿ ಹಾಡಿದಾಗ, ಕಣ್ದೆರೆದರೆ ಕನಸು ಹೋಯಿತಲ್ಲವೇ ಎಂಬ ಇನ್ನೊಂದು ಅರ್ಥ ಇಣುಕಿನೋಡುತ್ತದೆ. ಮಿಲನದ ವಚನದೊಳಗೆ ಅಗಲಿಕೆಯೂ ಅಡಗಿತ್ತೆಂಬುದನ್ನು ಟೀಕೆಯ ಸಹಾಯವಿಲ್ಲದೆ ಲಯವೊಂದೇ ಬಿಡಿಸಿ ತೋರಿಸುತ್ತದೆ. ಎರಡು ಅರ್ಥಗಳಲ್ಲಿ ಯಾವುದು ಅಕ್ಕನದೆಂದು ತೀರ್ಪು ಕೊಡುವುದು ಸಾಹಸದ ಮಾತಾದೀತು. ಶರಣಸತಿ ಲಿಂಗಪತಿ ಭಾವದಲ್ಲಿ ಎರಡಕ್ಕೂ ಸ್ಥಾನವಿದೆ.

ಇದೆಲ್ಲವೂ ಫಲಿಸುವುದು ವಚನ ಮೊದಲೇ ಪರಿಚಿತವಾಗಿದ್ದರೆ ಮಾತ್ರ. ಅರಿಯದ ಹಾಡನ್ನು ನಿಧಾನವಾಗಿ ಹಾಡಿದರೆ ಕೇಳುವವನಿಗೆ ಅದು ನಿಧಾನವೆಂದೇ ತಿಳಿಯದು, ಬೇಸರವಾದೀತು, ಅಷ್ಟೆ. ಬಾಲ್ಯದಿಂದ ಬಾಯಿಪಾಠವಾದ ವಚನವನ್ನು ಗಾಯಕರು ತಡೆದು ನಿಲ್ಲಿಸಿದಾಗ, ಮುಂದಿನ ಶಬ್ದ ಕೇಳುಗನ ಮನಸ್ಸಿನಲ್ಲಿ ಆಗಲೇ ಬಂದು ನಿಂತಿರುತ್ತದೆ. ಬರಬೇಕಾದುದು ಬಾರದೆ ಇರುವ ಆ ಅಂತರದಲ್ಲಿ ಭಾವ ಸಂಚಯವಾಗುತ್ತದೆ. ಭಕ್ತನು ತನ್ನ ದೇವನಿಗಾಗಿ ಕಾಯುವ ಸ್ಥಿತಿ ಹೀಗೆ ಕೇಳುಗನ ಅನುಭವಕ್ಕೂ ಒಂದಿಷ್ಟು ಬರುತ್ತದೆ.

ಪರಿಚಿತವಾದುದನ್ನು ನಿಧಾನಗೊಳಿಸಿದ ಮಾತ್ರಕ್ಕೆ ಗಾಂಭೀರ್ಯವೇ ಬರುವುದೆಂಬ ನಿಯಮವೇನೂ ಇಲ್ಲ. ಫ್ರಾನ್ಸ್ ದೇಶದ ಸಂಗೀತಕಾರ ಸ್ಯಾಂ ಸಾನ್ಸ್ 1886ರಲ್ಲಿ ಪ್ರಾಣಿಗಳ ಉತ್ಸವವೆಂಬ ವಾದ್ಯಕೃತಿಯನ್ನು ರಚಿಸಿದನು. ಅದರಲ್ಲಿ ಆಮೆಗಳನ್ನು ಚಿತ್ರಿಸಬೇಕಾಗಿ ಬಂದಾಗ, ಆಫೆನ್‌ಬಾಖ್ 1858ರ ಗೀತನಾಟಕವೊಂದಕ್ಕೆ ಕಟ್ಟಿದ್ದ, ಪ್ಯಾರಿಸಿನಲ್ಲಿ ಎಲ್ಲರ ಕಾಲನ್ನೂ ಕುಣಿಸಿದ್ದ ನೃತ್ಯದ ಧಾಟಿಯನ್ನೇ ಎತ್ತಿಕೊಂಡು ತಂತೀವಾದ್ಯಗಳಲ್ಲಿ ತೆವಳಿಸಿಬಿಟ್ಟನು. ಕೇಳಿದವರಿಗೆ ಬಂದುದು ನಗೆ. ಮೂಲದ ವೇಗ ನೆನಪಿನಲ್ಲಿದ್ದುದರಿಂದಲೇ ಆ ನಗೆ. ಒಳಗೆ ಕುಣಿತವಲ್ಲದೆ ಬೇರೇನೂ ಇಲ್ಲದ ಧಾಟಿ ನಿಧಾನವಾದಾಗ ತನ್ನ ಬರಿದನ್ನು ತೋರಿಸುತ್ತದೆ.

ವಚನಗಳಲ್ಲಿಯೂ ವಿಳಂಬವನ್ನು ತಾಳದ ವರ್ಗವೊಂದಿದೆ. ಕಲ್ಲಿನ ನಾಗರಕ್ಕೆ ಎರೆಯುವ ಹಾಲು ದಿಟದ ನಾಗರಕ್ಕೆ ದೊರೆಯದಿರುವುದನ್ನು ಹಳಿಯುವ ಬಸವಣ್ಣನವರ ವಚನ, ಅಂಬಿಗರ ಚೌಡಯ್ಯನ ನೇರನುಡಿಯ ವಚನಗಳು, ಇಂಥವು ಎರಡು ಮಾತುಗಳು ಒಂದಕ್ಕೊಂದು ಬಡಿದು ಕಿಡಿಯೇಳುವ ರಚನೆಗಳು. ಮೊದಲ ಮಾತು ಆರುವ ಮೊದಲೇ ಎರಡನೆಯದು ತಾಗಬೇಕು. ಇವನ್ನು ಆಲಾಪದಲ್ಲಿ ನೆನೆಸಿದರೆ ವಿಡಂಬನೆ ಕರಗಿ, ಯಾವುದೋ ಒಂದು ಅಸ್ಪಷ್ಟ ಕರುಣೆ ಉಳಿಯುತ್ತದೆ. ಇದನ್ನು ಅರಿಯದೆ ಎಲ್ಲ ವಚನಗಳಿಗೂ ಒಂದೇ ಬಗೆಯ ಆರ್ದ್ರತೆಯನ್ನು ಲೇಪಿಸುವ ಗಾಯನ ಇಂದು ಸಾಕಷ್ಟು ಕೇಳಬರುತ್ತಿದೆ. ಅದು ಖೇದದ ವಿಷಯ. ಶರಣರು ಬರಿಯ ಅಳುವವರಾಗಿರಲಿಲ್ಲ. ಅವರು ನಕ್ಕವರೂ ಹೌದು, ಗದರಿಸಿದವರೂ ಹೌದು.

ವಿದ್ವಾಂಸರ ಆಕ್ಷೇಪಣೆ ಇನ್ನೂ ಆಳವಾದುದು. ವಚನವೆಂದರೆ ಮಾತು, ರಾಗವಿಸ್ತಾರದಲ್ಲಿ ಮಾತು ಮುಳುಗಿದರೆ ವಚನವೆಲ್ಲಿ ಉಳಿಯಿತು ಎಂಬುದು ಅದರ ಸಾರ. ಸಾಮಗಾನದಿಂದ ಶಿವನನ್ನು ಮೆಚ್ಚಿಸಿದ ರಾವಣನ ಗತಿಯೇನಾಯಿತೆಂದು ಕೇಳಿ, ಶಿವನು ಒಲಿಯುವುದು ನಾದಕ್ಕಲ್ಲ, ಭಕ್ತಿಗೆ ಎಂದು ಬಸವಣ್ಣನವರೇ ಎಚ್ಚರಿಸಿರುವಾಗ ಈ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಭಾಷೆಯ ದೃಷ್ಟಿಯಿಂದಲೂ ಇದಕ್ಕೆ ಬಲವಿದೆ. ಕನ್ನಡದಲ್ಲಿ ಹ್ರಸ್ವದೀರ್ಘಗಳು ಅರ್ಥಭೇದಕಗಳು. ‘ಬಿಡು’ ಎಂಬುದನ್ನು ಎಳೆದರೆ ‘ಬೀಡು’ ಆಗುತ್ತದೆ. ‘ಕಡು’ ‘ಕಾಡು’ ಆಗುತ್ತದೆ. ‘ಕಲಿ’ ‘ಕಾಲಿ’ ಆಗುತ್ತದೆ. ಶಬ್ದವನ್ನು ತುಂಡರಿಸುವ ಸ್ಥಳ ತಪ್ಪಿದರಂತೂ ಅರ್ಥವೇ ಅನರ್ಥ. ಬಂದಿಶಿನ ಹಿಂದಿ ಶಬ್ದಗಳ ಮೇಲೆ ಸಲ್ಲುವ ಸ್ವಾತಂತ್ರ್ಯವನ್ನು ವಚನದ ಮೇಲೆ ಪ್ರಯೋಗಿಸಿದವರು ಈ ಬಲೆಗೆ ಬಿದ್ದಿದ್ದಾರೆ.

ಬಲ್ಲ ಗಾಯಕರು ಈ ತೊಡಕನ್ನು ಗೆದ್ದ ಬಗೆ ಸೂಕ್ಷ್ಮವಾಗಿ ಆಲಿಸಿದರೆ ತಿಳಿಯುತ್ತದೆ. ಅವರು ಹ್ರಸ್ವಾಕ್ಷರಗಳನ್ನು ಮಾತಿನ ವೇಗದಲ್ಲಿಯೇ ದಾಟಿಬಿಡುತ್ತಾರೆ. ಸಹಜವಾಗಿ ದೀರ್ಘವಿರುವ ಅಕ್ಷರ ಬಂದಾಗ ಅದರ ಮೇಲೆ ಕುಳಿತುಕೊಳ್ಳುತ್ತಾರೆ. ಶಬ್ದಗಳು ಬಹುತೇಕ ಸ್ವರದಿಂದಲೇ ಮುಗಿಯುವುದು ಕನ್ನಡದ ಗುಣವಾದುದರಿಂದ, ಶಬ್ದವನ್ನು ಪೂರ್ತಿಯಾಗಿ ಹೇಳಿದ ಮೇಲೆ ಅದರ ಕೊನೆಯನ್ನು ನೀಡಲೂ ಅವಕಾಶವಿದೆ. ಹೀಗೆ ವಿಳಂಬವು ಶಬ್ದದ ಒಳಗಲ್ಲ, ಶಬ್ದಗಳ ನಡುವೆ ನೆಲೆಸುತ್ತದೆ.

ಈ ದೃಷ್ಟಿಯಿಂದ ಅಂಕಿತಗಳನ್ನು ಪರಿಶೀಲಿಸಿದರೆ ಒಂದು ಸಂಗತಿ ಗೋಚರಿಸುತ್ತದೆ. ಕೂಡಲಸಂಗಮದೇವ ಎಂಬಲ್ಲಿ ‘ಕೂ’ ಮತ್ತು ‘ದೇ’, ಗುಹೇಶ್ವರ ಎಂಬಲ್ಲಿ ‘ಹೇ’, ಚೆನ್ನಮಲ್ಲಿಕಾರ್ಜುನ ಎಂಬಲ್ಲಿ ‘ಕಾ’, ರಾಮನಾಥ ಎಂಬಲ್ಲಿ ‘ರಾ’ ಮತ್ತು ‘ನಾ’. ಪ್ರಮುಖ ಅಂಕಿತಗಳಲ್ಲೆಲ್ಲ ಉಸಿರು ತಂಗಲು ಒಂದು ದೀರ್ಘಸ್ವರದ ಎಡೆಯಿದೆ. ಭಜನೆಯ ವೇಗದಲ್ಲಿ ಅಂಕಿತ ಬಂದಿತೆಂದರೆ ವಚನ ಮುಗಿಯಿತೆಂದು ಅರ್ಥ. ಅದು ಮುದ್ರೆ, ಕವಿಯ ಗುರುತು, ಮೇಳವೆಲ್ಲ ಸೇರಿ ಹೇಳುವ ಮುಕ್ತಾಯ. ವಿಳಂಬದಲ್ಲಿ ಅದು ಗುರುತಾಗಿ ಉಳಿಯದೆ ಕರೆಯಾಗುತ್ತದೆ. ಎದುರಿಗಿರುವವನನ್ನು ಹೆಸರುಹಿಡಿದು ಕೂಗಿದಂತೆ ಕೊನೆಯ ಸ್ವರ ನೀಳವಾಗುತ್ತದೆ. ಹ್ರಸ್ವವಾಗಿದ್ದ ಕೊನೆಯ ಅಕ್ಷರವೂ ಸಂಬೋಧನೆಯಲ್ಲಿ ದೀರ್ಘವನ್ನು ದಾಟಿ ಪ್ಲುತವಾಗುತ್ತದೆ. ಇಲ್ಲಿ ಮಾತ್ರ ಗಾಯಕರು ವ್ಯಾಕರಣವನ್ನು ಮೀರಿದಂತಾಗುವುದಿಲ್ಲ. ಮೂರು ಮಾತ್ರೆಯ ಪ್ಲುತಸ್ವರವನ್ನು ಪ್ರಾಚೀನ ವೈಯಾಕರಣರು ಮೂರು ಎಡೆಗಳಲ್ಲಿ ಒಪ್ಪಿದ್ದಾರೆ: ದೂರದಲ್ಲಿರುವವನನ್ನು ಕರೆಯುವಾಗ, ಹಾಡುವಾಗ, ಅಳುವಾಗ.